ಕೈಗುಣವೂ ಕಡತವೂ

ಗುಂಡ್ಲುಪೇಟೆಯಲ್ಲಿ ಸಂಜೆಯ ದೀಪಗಳು ಹೊತ್ತಿಕೊಳ್ಳುವ ಸಮಯ. ಊಟಿಯ ಕಡೆಗೂ ವಯನಾಡಿನ ಕಡೆಗೂ ಹೋಗತಕ್ಕ ವಾಹನಗಳು, ಬಂಡೀಪುರದ ಕಾಡುದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುವ ಮೊದಲೇ ದಾಟಿಬಿಡಬೇಕೆಂಬ ಆತುರದಿಂದ ಸಾಲುಗಟ್ಟಿ ಓಡುತ್ತಿರುತ್ತವೆ. ಆ ಗದ್ದಲದ ನಡುವೆ ಹಳ್ಳಿಯಿಂದ ಬಂದ ಆಟೋರಿಕ್ಷಾವೊಂದು ನರ್ಸಿಂಗ್ ಹೋಮಿನ ಮುಂದೆ ನಿಲ್ಲುತ್ತದೆ. ಒಳಗೆ ಏದುಸಿರು ಬಿಡುತ್ತಿರುವ ವೃದ್ಧೆ. ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಸೊಸೆ. ಹಳೆಯ ಔಷಧದ ಚೀಟಿಗಳನ್ನು ಕೈಯಲ್ಲಿ ಹಿಡಿದ ಮಗ. ಮೆಟ್ಟಿಲು ಹತ್ತುವ ಮುನ್ನ ಮಗ ಒಂದು ಕ್ಷಣ ತಡೆದು, ಪಕ್ಕದ ಔಷಧದ ಅಂಗಡಿಯವನನ್ನು ಕೇಳುತ್ತಾನೆ:

“ಇಲ್ಲಿ ಚೆನ್ನಾಗಿ ನೋಡ್ತಾರಾ ಅಣ್ಣಾ?”

“ನೋಡ್ತಾರೆ, ನೋಡ್ತಾರೆ. ಡಾಕ್ಟ್ರ ಕೈಗುಣ ಚೆನ್ನಾಗದೆ. ಅವ್ವನ್ನ ಕರ್ಕೊಂಡೋಗಿ.”

ವಿಚಾರಣೆ ಅಲ್ಲಿಗೆ ಮುಗಿಯಿತು. ತೆರಕಣಾಂಬಿಯ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ ಪರೀಕ್ಷಿಸುವ ರೈತನು, ಹೆತ್ತ ತಾಯಿಯ ಪ್ರಾಣವನ್ನು ಒಪ್ಪಿಸುವಾಗ ಅಂಗಡಿಯವನ ಒಂದು ಮಾತನ್ನು ನೆಚ್ಚಿಕೊಂಡು ಒಳಗೆ ಹೋಗುತ್ತಾನೆ. ಅವನದು ತಪ್ಪೆಂದು ಯಾರೂ ಹೇಳಲಾರರು. ಆ ಗಳಿಗೆಯಲ್ಲಿ ಅವನಿಗೆ ದೊರೆಯುವ ಸಾಕ್ಷ್ಯ ಅದೊಂದೇ.

ಆದರೆ ಆ ಶುಶ್ರೂಷಾಲಯದ ವಿಷಯದಲ್ಲಿ ಮತ್ತೊಂದು ಸಾಕ್ಷ್ಯವೂ ಇರಬೇಕೆಂಬುದು ನಾಡಿನ ಕಾನೂನು. ಸುಮಾರು ಮೂವತ್ತೈದು ಕಿಲೋಮೀಟರ್ ದೂರದ ಚಾಮರಾಜನಗರದಲ್ಲಿ, ಜಿಲ್ಲೆಯ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ, ಅದರ ಹೆಸರಿನ ಕಡತವೊಂದು ಇರಬೇಕು. ಅದರ ಒಡೆಯರಾರು, ವೈದ್ಯರಾರು, ದಾದಿಯರೆಷ್ಟು, ಹಾಸಿಗೆಗಳೆಷ್ಟು, ತಪಾಸಣೆಗೆ ಹೋದವರು ಏನನ್ನು ಕಂಡರು ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಈ ಕಡತಕ್ಕೂ ಮೆಟ್ಟಿಲ ಮೇಲೆ ನಿಂತ ಆ ಮಗನಿಗೂ ನಡುವಣ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯಲಾಗದು.

ಊರೇ ತಪಾಸಣಾಧಿಕಾರಿ

ಚಾಮರಾಜನಗರದ ಸೀಮೆಗೆ ವೈದ್ಯವಿದ್ಯೆ ಹೊಸತಲ್ಲ. ನಗರಕ್ಕೆ ಅನತಿದೂರದ ಮಲೆಯೂರಿನ ಕನಕಗಿರಿಯಲ್ಲಿ ಪೂಜ್ಯಪಾದಾಚಾರ್ಯರು ತಪಸ್ಸು ಮಾಡಿದರೆಂದು ಜೈನ ಪರಂಪರೆ ನಂಬುತ್ತದೆ. ವ್ಯಾಕರಣದಲ್ಲಿ ಹೇಗೋ ವೈದ್ಯದಲ್ಲಿಯೂ ಹಾಗೆಯೇ ಅವರ ಹೆಸರನ್ನು ಹಿಂದಿನವರು ಗೌರವದಿಂದ ನೆನೆದಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ಬೇರುನಾರುಗಳ ಗುಣವನ್ನು ತಲೆಮಾರುಗಳಿಂದ ಅರಿತವರು. ಬಯಲಿನ ಹಳ್ಳಿಗಳಲ್ಲಿ ನಾಟಿ ವೈದ್ಯರೂ ಸೂಲಗಿತ್ತಿಯರೂ ಇದ್ದರು.

ಆ ಕಾಲದಲ್ಲಿ ವೈದ್ಯನ ಜಗುಲಿಯೇ ವೈದ್ಯಶಾಲೆ. ಅವನ ಮನೆತನವನ್ನೂ ಗುರುವನ್ನೂ ಗುಣಾವಗುಣಗಳನ್ನೂ ಊರು ಬಲ್ಲದು. ಅವನ ಕೈಯಿಂದ ಎದ್ದವರಾರು, ಏಳದೆ ಹೋದವರಾರು ಎಂಬ ಲೆಕ್ಕ ಬಾವಿಕಟ್ಟೆಯಲ್ಲಿಯೇ ಸಿಕ್ಕುತ್ತಿತ್ತು. ಆಗ ಊರೇ ತಪಾಸಣಾಧಿಕಾರಿ, ಊರಿನ ನೆನಪೇ ಕಡತ. ‘ಕೈಗುಣ’ವೆಂಬ ಮಾತಿಗೆ ಬೆಲೆ ಬಂದುದು ಅದರ ಹಿಂದೆ ಇಂಥದೊಂದು ಲೆಕ್ಕವಿದ್ದುದರಿಂದಲೇ.

ಇಂದಿನ ಶುಶ್ರೂಷಾಲಯದ ಸ್ಥಿತಿ ಬೇರೆ. ಕಟ್ಟಡ ಒಬ್ಬರದು, ಬಂಡವಾಳ ಮತ್ತೊಬ್ಬರದು. ಶಸ್ತ್ರಚಿಕಿತ್ಸೆಗೆ ಬರುವ ವೈದ್ಯರು ವಾರದಲ್ಲಿ ಎರಡು ದಿನ ಮೈಸೂರಿನಿಂದ ಬಂದು ಹೋಗುವವರು. ರಾತ್ರಿಯ ಪಾಳಿಯಲ್ಲಿರುವ ದಾದಿ ಕಳೆದ ತಿಂಗಳು ಸೇರಿದವಳಿರಬಹುದು. ಕೆಲವೆಡೆ ವೈದ್ಯ ದಂಪತಿಗಳೇ ಒಡೆಯರು. ಕೆಲವೆಡೆ ಧರ್ಮಸಂಸ್ಥೆ, ಕೆಲವೆಡೆ ಕಂಪನಿ. ಊರಿನ ನೆನಪು ಇಷ್ಟನ್ನೆಲ್ಲ ಹಿಡಿದಿಡಲಾರದು. ಕೈಗುಣದ ಮಾತು ಒಬ್ಬ ವೈದ್ಯರಿಗೆ ಸಲ್ಲಬಹುದು. ಆಮ್ಲಜನಕದ ಕೊಳವೆಗೆ, ಔಷಧದ ದಾಸ್ತಾನಿಗೆ, ಶಸ್ತ್ರಚಿಕಿತ್ಸಾ ಕೊಠಡಿಯ ಶುಚಿತ್ವಕ್ಕೆ ಅದು ಸಲ್ಲದು. ಆದುದರಿಂದಲೇ ಊರು ಮಾಡುತ್ತಿದ್ದ ಕೆಲಸವನ್ನು ಸರ್ಕಾರ ಕೈಗೆತ್ತಿಕೊಳ್ಳಬೇಕಾಯಿತು.

ಕಾನೂನು ನಡೆದು ಬಂದ ದಾರಿ

ಶುಶ್ರೂಷಾಲಯಗಳನ್ನು ನೋಂದಾಯಿಸಬೇಕೆಂಬ ಕಾನೂನನ್ನು ಇಂಗ್ಲೆಂಡ್ 1927ರಲ್ಲಿ ಮಾಡಿತು. ಭಾರತದಲ್ಲಿ ಮುಂಬಯಿ ಪ್ರಾಂತ 1949ರಲ್ಲಿ ಇಂಥದೇ ಶಾಸನವನ್ನು ತಂದಿತು. ಕರ್ನಾಟಕದಲ್ಲಿ ಖಾಸಗಿ ಶುಶ್ರೂಷಾಲಯಗಳ ನಿಯಂತ್ರಣಕ್ಕಾಗಿ ಶಾಸನ ಹುಟ್ಟಿದ್ದು 1976ರಲ್ಲಿ. ಅದರ ಸ್ಥಾನದಲ್ಲಿ, ಇನ್ನೂ ವಿಸ್ತಾರವಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಲ್ಲಿ ಬಂದಿತು. ದೊಡ್ಡ ಆಸ್ಪತ್ರೆಯಿಂದ ಹಿಡಿದು ಒಂದೇ ಕೋಣೆಯ ಚಿಕಿತ್ಸಾಲಯ, ರಕ್ತಪರೀಕ್ಷೆಯ ಪ್ರಯೋಗಾಲಯಗಳವರೆಗೆ ಎಲ್ಲ ಖಾಸಗಿ ಸಂಸ್ಥೆಗಳೂ ನೋಂದಣಿ ಮಾಡಿಸಬೇಕೆಂದೂ, ಐದು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕೆಂದೂ ಅದು ವಿಧಿಸಿತು.

ಹತ್ತು ವರ್ಷಗಳ ತರುವಾಯ, 2017ರಲ್ಲಿ, ಇದರ ತಿದ್ದುಪಡಿಯ ಪ್ರಶ್ನೆ ಎದ್ದಾಗ ನಾಡು ಒಂದು ದೊಡ್ಡ ಕೋಲಾಹಲವನ್ನೇ ಕಂಡಿತು. ಅಂದಿನ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಅವರು ಮಂಡಿಸಿದ ಮಸೂದೆಯಲ್ಲಿ ದರ ನಿಯಂತ್ರಣವೂ ಕಠಿಣ ಶಿಕ್ಷೆಯೂ ಇದ್ದವು. ನವೆಂಬರ್ ತಿಂಗಳಲ್ಲಿ ಖಾಸಗಿ ವೈದ್ಯರು ಹೊರರೋಗಿಗಳ ವಿಭಾಗಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಅಧಿವೇಶನ ನಡೆಯುತ್ತಿದ್ದ ಬೆಳಗಾವಿಯಲ್ಲಿ ಪ್ರತಿಭಟನೆ ನಡೆಯಿತು. ಸರ್ಕಾರಿ ಆಸ್ಪತ್ರೆಗಳು ಇದೇ ನಿಯಮಕ್ಕೆ ಏಕೆ ಒಳಪಡಬಾರದೆಂಬುದು ವೈದ್ಯರ ಪ್ರಶ್ನೆಗಳಲ್ಲೊಂದು. ಕೊನೆಗೆ ಮಸೂದೆ ಮೃದುವಾದ ರೂಪದಲ್ಲಿ ಅಂಗೀಕೃತವಾಯಿತು. ಆದರೂ ರೋಗಿಗಳ ದೂರನ್ನು ಕೇಳುವ ಅಧಿಕಾರವುಳ್ಳ ಪ್ರಾಧಿಕಾರವೊಂದು ಪ್ರತಿ ಜಿಲ್ಲೆಯಲ್ಲಿಯೂ ಉಳಿದುಕೊಂಡಿತು. ಅದಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ಮುಂಗಡ ಹಣವಿಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸಬಾರದು, ಬಾಕಿ ಹಣಕ್ಕಾಗಿ ಮೃತರ ದೇಹವನ್ನು ತಡೆಹಿಡಿಯಬಾರದು ಎಂಬ ಮಾತುಗಳೂ ಶಾಸನದಲ್ಲಿ ಸೇರಿದವು.

2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಹೆಜ್ಜೆ ಇಟ್ಟಿತು. ಪ್ರತಿ ಖಾಸಗಿ ವೈದ್ಯಕೀಯ ಸಂಸ್ಥೆಯೂ ತನ್ನ ನೋಂದಣಿ ಸಂಖ್ಯೆ, ಸಂಸ್ಥೆಯ ಹೆಸರು, ಒಡೆಯರ ಅಥವಾ ನಿರ್ವಾಹಕರ ಹೆಸರುಗಳುಳ್ಳ ಫಲಕವನ್ನು ಬಾಗಿಲಲ್ಲಿ ತೂಗುಹಾಕಬೇಕು. ಅಲೋಪತಿಯಾದರೆ ತಿಳಿನೀಲಿ ಬಣ್ಣ, ಆಯುರ್ವೇದವಾದರೆ ಹಸಿರು. ನಕಲಿ ವೈದ್ಯರನ್ನು ಗುರುತಿಸಲು ಜನರಿಗೆ ಅನುಕೂಲವಾಗಲೆಂಬುದು ಇದರ ಉದ್ದೇಶ. ಓದಲು ಬಾರದವರಿಗೂ ಬಣ್ಣ ಕಾಣುತ್ತದೆ. ಕಡತದ ಮೊದಲ ಪುಟವನ್ನು ಹರಿದು ಬಾಗಿಲಿಗೆ ಅಂಟಿಸಿದಂತಾಯಿತೆನ್ನಬಹುದು. ಉಳಿದ ಪುಟಗಳು ಇನ್ನೂ ಕಚೇರಿಯಲ್ಲಿಯೇ ಇವೆ.

ಬರೆದೂ ಓದದ ದಾಖಲೆ

ತಪಾಸಣೆ ನಡೆದರೆ ಸಾಲದೆ, ಅದರ ವರದಿಯನ್ನು ಎಲ್ಲರೂ ಓದಬೇಕೇ ಎಂದು ಕೆಲವರು ಕೇಳಬಹುದು. 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತೆಯಲ್ಲಿ ನಡೆದ ದುರಂತ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ಹೆಸರಾಂತ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬೆಳಗಿನ ಜಾವ ಬೆಂಕಿ ಹೊತ್ತಿ, ಹೊಗೆ ಮೇಲಿನ ಅಂತಸ್ತುಗಳಿಗೆ ಏರಿ, 90ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಅವರಲ್ಲಿ ಬಹುಮಂದಿ ಹಾಸಿಗೆಯಿಂದ ಏಳಲಾರದ ರೋಗಿಗಳು. ವಾಹನ ನಿಲ್ಲಿಸಲು ಮೀಸಲಾಗಿದ್ದ ಆ ನೆಲಮಾಳಿಗೆಯಲ್ಲಿ ಸಾಮಗ್ರಿಗಳನ್ನು ತುಂಬಿದ್ದುದನ್ನು ಅಗ್ನಿಶಾಮಕ ಇಲಾಖೆ ಕೆಲವು ತಿಂಗಳ ಮೊದಲೇ ಗಮನಿಸಿ ಆಕ್ಷೇಪಿಸಿತ್ತು. ಅಂದರೆ ತಪಾಸಣೆ ನಡೆದಿತ್ತು, ದೋಷ ಕಂಡಿತ್ತು, ಬರವಣಿಗೆಯೂ ಆಗಿತ್ತು. ಆದರೆ ಆ ರಾತ್ರಿ ಅಲ್ಲಿ ಮಲಗಿದ್ದ ಒಬ್ಬ ರೋಗಿಯ ಮನೆಯವರೂ ಅದನ್ನು ಅರಿಯರು.

ಹತ್ತಿರದ ಉದಾಹರಣೆಯೂ ಇದೆ. 2023ರ ಕೊನೆಯಲ್ಲಿ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಹೆಣ್ಣುಭ್ರೂಣ ಹತ್ಯೆಯ ಜಾಲವೊಂದು ಬಯಲಿಗೆ ಬಂದಾಗ ನಾಡೇ ತಲೆತಗ್ಗಿಸಿತು. ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿರಿಸಿ ಭ್ರೂಣದ ಲಿಂಗವನ್ನು ಹೇಳುತ್ತಿದ್ದರೆಂದೂ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಗರ್ಭಪಾತ ನಡೆಯುತ್ತಿತ್ತೆಂದೂ ಪೊಲೀಸರು ಹೇಳಿದರು. 1994ರ ಶಾಸನದ ಪ್ರಕಾರ ಪ್ರತಿಯೊಂದು ಸ್ಕ್ಯಾನಿಂಗ್ ಯಂತ್ರವೂ ನೋಂದಣಿಯಾಗಬೇಕು. ಗರ್ಭಿಣಿಯ ಪ್ರತಿಯೊಂದು ಪರೀಕ್ಷೆಗೂ ನಮೂನೆ ತುಂಬಿಡಬೇಕು. ಬೆಲ್ಲ ಕಾಯಿಸುವ ಒಲೆಯ ಪಕ್ಕದಲ್ಲಿ ಯಂತ್ರ ಕುಳಿತಿದ್ದುದು ಈ ದಾಖಲೆಗಳಿಗೆ ಕಾಣಲಿಲ್ಲ.

ಹಾಗೆಂದು ವೈದ್ಯರೆಲ್ಲರನ್ನೂ ಸಂಶಯದಿಂದ ಕಾಣುವುದು ನ್ಯಾಯವಲ್ಲ. ಸಣ್ಣ ಊರಿನಲ್ಲಿ ಶುಶ್ರೂಷಾಲಯ ನಡೆಸುವುದು ಸುಲಭದ ಮಾತಲ್ಲ. ನೋಂದಣಿ ಒಂದು ಕಡೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇನ್ನೊಂದು ಕಡೆ, ಸ್ಕ್ಯಾನಿಂಗ್ ಯಂತ್ರಕ್ಕೆ ಮತ್ತೊಂದು ಪರವಾನಗಿ, ಅಗ್ನಿಶಾಮಕ ಇಲಾಖೆಯ ಪತ್ರ ಬೇರೆ. ತರಬೇತಾದ ದಾದಿಯರು ದೊಡ್ಡ ನಗರಗಳತ್ತ ಹೊರಟುಹೋಗುತ್ತಾರೆ. ನಡುರಾತ್ರಿ ಹೆರಿಗೆಗೆ ಎದ್ದು ಬರುವ ವೈದ್ಯೆಯ ಶ್ರಮ ಯಾವ ವರದಿಯಲ್ಲಿಯೂ ಬರೆಯಲ್ಪಡುವುದಿಲ್ಲ. ತಪಾಸಣೆ ಗುಟ್ಟಾಗಿ ಉಳಿದಾಗ ಅನ್ಯಾಯವಾಗುವುದು ಇಂಥವರಿಗೇ. ಪ್ರಾಮಾಣಿಕರ ಹೆಸರೂ ಅಪ್ರಾಮಾಣಿಕರ ಹೆಸರೂ ಒಂದೇ ಕಪಾಟಿನಲ್ಲಿ, ಒಂದೇ ದಾರದಲ್ಲಿ ಕಟ್ಟಲ್ಪಟ್ಟು ಕುಳಿತಿರುತ್ತವೆ. ಹೊರಗಿನವರಿಗೆ ಇಬ್ಬರೂ ಒಂದೇ.

ಮೇ ತಿಂಗಳ ಆ ರಾತ್ರಿ

ಚಾಮರಾಜನಗರದ ಆಸ್ಪತ್ರೆಗಳ ಮಾತೆತ್ತಿದಾಗ 2021ರ ಮೇ 2ರ ರಾತ್ರಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕೋವಿಡ್‌ನ ಎರಡನೆಯ ಅಲೆ ಉಕ್ಕಿದ್ದ ಕಾಲ. ಜಿಲ್ಲಾ ಆಸ್ಪತ್ರೆಯ ಹಾಸಿಗೆಗಳು ತುಂಬಿದ್ದವು. ಆಮ್ಲಜನಕದ ಸಿಲಿಂಡರುಗಳು ಮೈಸೂರಿನಿಂದ ಬರಬೇಕಾಗಿತ್ತು. ಆ ರಾತ್ರಿಯೂ ಮರುದಿನವೂ ಸೇರಿ ಇಪ್ಪತ್ತನಾಲ್ಕು ಗಂಟೆಗಳೊಳಗೆ 24 ಮಂದಿ ರೋಗಿಗಳು ತೀರಿಕೊಂಡರು.

ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರವೆಂದು ಮೊದಲು ಸರ್ಕಾರದ ಕಡೆಯಿಂದ ಹೇಳಲಾಯಿತು. ಮನೆಯವರು ಒಪ್ಪಲಿಲ್ಲ. ಉಸಿರಿಗಾಗಿ ಪರಿತಪಿಸಿದ ಕಂಠಗಳನ್ನು ದೂರವಾಣಿಯಲ್ಲಿ ಕೇಳಿದವರು ಅವರು. ಉಚ್ಚ ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸಮಿತಿ ಚಾಮರಾಜನಗರಕ್ಕೆ ಬಂದು ಆಸ್ಪತ್ರೆಯನ್ನು ಕಂಡು, ದಾಖಲೆಗಳನ್ನು ಪರಿಶೀಲಿಸಿ, ಆಮ್ಲಜನಕದ ಕೊರತೆಯೇ ಆ ಸಾವುಗಳಿಗೆ ಕಾರಣವೆಂಬ ಅಭಿಪ್ರಾಯಕ್ಕೆ ಬಂದಿತು. ರಾಜ್ಯ ಸರ್ಕಾರವೂ ನ್ಯಾಯಮೂರ್ತಿ ಬಿ. ಎ. ಪಾಟೀಲರ ವಿಚಾರಣಾ ಆಯೋಗವನ್ನು ರಚಿಸಿತು.

ಈ ದುರಂತ ನಡೆದುದು ಖಾಸಗಿ ಶುಶ್ರೂಷಾಲಯದಲ್ಲಲ್ಲ, ಸರ್ಕಾರದ್ದೇ ಆಸ್ಪತ್ರೆಯಲ್ಲಿ. ಆದುದರಿಂದಲೇ ಇದರ ಪಾಠ ದೊಡ್ಡದು. 2007ರ ಅಧಿನಿಯಮ ಖಾಸಗಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸತಕ್ಕದ್ದು. 2010ರ ಕೇಂದ್ರ ಶಾಸನ ಸರ್ಕಾರಿ ಆಸ್ಪತ್ರೆಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತಾದರೂ ಕರ್ನಾಟಕ ತನ್ನದೇ ಶಾಸನವನ್ನು ಉಳಿಸಿಕೊಂಡಿತು. ಸರ್ಕಾರಿ ಆಸ್ಪತ್ರೆಗಳಿಗೆ ಗುಣಮಟ್ಟದ ಮಾಪನಗಳೇ ಇಲ್ಲವೆಂದಲ್ಲ. ಶುಚಿತ್ವಕ್ಕಾಗಿ 2015ರಲ್ಲಿ ಆರಂಭವಾದ ಕಾಯಕಲ್ಪ ಪುರಸ್ಕಾರದಂಥವು ಇವೆ. ಆದರೆ ಬಹುಮಾನ ಬೇರೆ, ತಪಾಸಣೆ ಬೇರೆ. ಖಾಸಗಿಯವರನ್ನು ಅಳೆಯುವ ಕೋಲು ಸರ್ಕಾರದ ಬಾಗಿಲಲ್ಲಿ ಮೊಂಡಾಗಬಾರದು.

ಈ ಜಿಲ್ಲೆಯವರೇ ಆಗಿಹೋದ ವೈದ್ಯರೊಬ್ಬರು ಇದನ್ನು ಬಹು ಹಿಂದೆಯೇ ಮನಗಂಡಿದ್ದರು. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ನೆಲೆನಿಂತ ಡಾಕ್ಟರ್ ಹೆಚ್. ಸುದರ್ಶನ್ ಅವರು, ಮುಂದೆ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದರು. ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾದರು. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿ ಸರ್ಕಾರಿ ಆಸ್ಪತ್ರೆಗಳಿಗೆ ಹೇಳದೆ ಕೇಳದೆ ಭೇಟಿಯಿತ್ತು, ಕಂಡುದನ್ನು ಪತ್ರಿಕೆಗಳ ಮುಂದೆಯೇ ಹೇಳುತ್ತಿದ್ದ ಕಾಲವದು. ಆ ಭೇಟಿಗಳ ಬಲವಿದ್ದುದು ಅವುಗಳ ಬಹಿರಂಗದಲ್ಲಿ. ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತ ಪತ್ರಿಕೆ ಬಿಡಿಸಿದ ಸಾಮಾನ್ಯನೂ ತನ್ನೂರಿನ ಆಸ್ಪತ್ರೆಯ ಸ್ಥಿತಿಯನ್ನು ಅರಿಯುತ್ತಿದ್ದ.

ನಕ್ಷತ್ರಗಳ ಕಥೆ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ಅರ್ಥ ಸ್ವಲ್ಪ ಬೇರೆ. ಬಹುಕಾಲದ ಆರೈಕೆ ಬೇಕಾದ ವೃದ್ಧರು, ರೋಗಪೀಡಿತರು ವಾಸಿಸುವ ಮನೆಗಳವು. ಅಲ್ಲಿ ನಡೆಯುತ್ತಿದ್ದ ಅನಾದರದ ಕಥೆಗಳಿಂದ ಎಚ್ಚೆತ್ತು 1987ರಲ್ಲಿ ಕಠಿಣವಾದ ಕಾನೂನು ಬಂದಿತು. 1998ರಿಂದ ಪ್ರತಿ ಸಂಸ್ಥೆಯ ತಪಾಸಣೆಯ ಫಲವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತಾಯಿತು. 2008ರಲ್ಲಿ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಪದ್ಧತಿ ಬಂತು. 2022ರಲ್ಲಿ, ಯಾವ ಸಂಸ್ಥೆಯ ಹಿಂದೆ ಯಾವ ಒಡೆಯರಿದ್ದಾರೆಂಬ ವಿವರವನ್ನೂ ಬಿಡುಗಡೆ ಮಾಡಲಾಯಿತು. ಬೇರೆ ಬೇರೆ ಹೆಸರಿನ ಹತ್ತು ಮನೆಗಳು ಒಬ್ಬನದೇ ಆಗಿರಬಹುದೆಂಬುದು ಜನರಿಗೆ ತಿಳಿಯಬೇಕಲ್ಲವೆ?

ಆದರೆ ನಕ್ಷತ್ರಗಳೂ ಒಮ್ಮೊಮ್ಮೆ ಕಣ್ಕಟ್ಟು ಮಾಡುತ್ತವೆ. ದಾದಿಯರ ಸಂಖ್ಯೆಯನ್ನು ಮೊದಮೊದಲು ಸಂಸ್ಥೆಗಳೇ ಬರೆದುಕೊಡುತ್ತಿದ್ದವು. ತಪಾಸಣೆಯ ಹೊತ್ತಿಗೆ ಸಿಬ್ಬಂದಿ ಹೆಚ್ಚುವುದು, ಆಮೇಲೆ ಕರಗುವುದು ಅಲ್ಲಿಯೂ ನಡೆಯಿತು. ಕಡೆಗೆ 2018ರಿಂದ ಸಂಬಳದ ಪಟ್ಟಿಯನ್ನೇ ಆಧಾರವಾಗಿ ತೆಗೆದುಕೊಂಡು ಲೆಕ್ಕ ಹಾಕತೊಡಗಿದರು. ದಾಖಲೆಯನ್ನು ಬಹಿರಂಗಪಡಿಸುವುದು ಮೊದಲ ಹೆಜ್ಜೆ. ಅದು ನಿಜವಾಗಿರುವಂತೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟದ ಎರಡನೆಯ ಹೆಜ್ಜೆ.

ಬಾಗಿಲಲ್ಲಿ ಕೇಳಬೇಕಾದ ಮಾತು

ನಮ್ಮಲ್ಲಿ ಆ ದಿನ ಬರುವವರೆಗೆ ಗೃಹಸ್ಥರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮನೆಯಲ್ಲಿ ವೃದ್ಧರಿದ್ದರೆ, ಹೆರಿಗೆಯ ದಿನ ಸಮೀಪಿಸುತ್ತಿದ್ದರೆ, ಆರೋಗ್ಯವಾಗಿರುವಾಗಲೇ ಒಂದು ದಿನ ಹೋಗಿ ನೋಡಿಬರುವುದು ವಿವೇಕ. ಬಾಗಿಲ ಫಲಕದಲ್ಲಿ ನೋಂದಣಿ ಸಂಖ್ಯೆಯೂ ಒಡೆಯರ ಹೆಸರೂ ಇವೆಯೇ? ಪ್ರಮಾಣಪತ್ರದ ಅವಧಿ ಮುಗಿದಿಲ್ಲವಷ್ಟೆ? ಚಿಕಿತ್ಸೆಯ ದರಪಟ್ಟಿಯನ್ನು ಕಾಣುವಂತೆ ಹಾಕಿದ್ದಾರೆಯೇ? ರಾತ್ರಿ ವೇಳೆ ವೈದ್ಯರು ಅಲ್ಲಿಯೇ ಇರುವರೋ, ಕರೆದರೆ ಬರುವರೋ? ವಿದ್ಯುತ್ತು ಹೋದರೆ ಏನು ವ್ಯವಸ್ಥೆ? ರೋಗ ಕೈಮೀರಿದರೆ ಅರವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸಲು ಆಂಬುಲೆನ್ಸ್ ಇದೆಯೇ, ಅದರಲ್ಲಿ ಆಮ್ಲಜನಕ ಇರುವುದೇ? ಇವನ್ನು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ಅದೂ ಒಂದು ಉತ್ತರವೇ.

ಚಿಕಿತ್ಸೆಯ ದಾಖಲೆಯನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ವೈದ್ಯರ ವೃತ್ತಿಧರ್ಮದ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಕೇಳಿದ 72 ಗಂಟೆಗಳೊಳಗೆ ಪ್ರತಿಯನ್ನು ಒದಗಿಸಬೇಕು. ತಪಾಸಣೆಯ ವರದಿ ಬೇಕಾದಲ್ಲಿ 2005ರ ಮಾಹಿತಿ ಹಕ್ಕು ಶಾಸನದಂತೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಬರೆಯಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಸಂರಕ್ಷಣಾ ಶಾಸನದ ವ್ಯಾಪ್ತಿಗೆ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪಿತ್ತಿದೆ. “ಶಸ್ತ್ರಕ್ರಿಯೆ ಮಾಡಿದವರು ಹೊರಗಿನಿಂದ ಬಂದವರು, ನಮಗೆ ಸಂಬಂಧವಿಲ್ಲ” ಎಂದು ಆಸ್ಪತ್ರೆ ಜಾರಿಕೊಳ್ಳುವಂತಿಲ್ಲವೆಂದು ಅದೇ ನ್ಯಾಯಾಲಯ 2004ರ ಮತ್ತೊಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಒಡೆಯರ ಹೆಸರು ಫಲಕದ ಮೇಲಿರಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಆದರೆ ಏದುಸಿರು ಬಿಡುವ ತಾಯಿಯನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಬಂದವನಿಗೆ ಮೂವತ್ತು ದಿನ ಕಾಯುವ ವ್ಯವಧಾನವೆಲ್ಲಿಯದು? ಅರ್ಜಿ ಬರೆದು ಪಡೆಯಬೇಕಾದುದನ್ನು ಅರ್ಜಿಯಿಲ್ಲದೆ ತೋರಿಸುವುದೇ ಸರ್ಕಾರದ ಮುಂದಿನ ಹೆಜ್ಜೆಯಾಗಬೇಕು. ಆ ನೀಲಿ ಫಲಕದ ಕೆಳಗೆ ಇನ್ನು ನಾಲ್ಕು ಸಾಲು ಸೇರಿದರೆ ಸಾಕು: ಕೊನೆಯ ತಪಾಸಣೆ ನಡೆದ ದಿನ, ಕಂಡ ಕೊರತೆ, ಅದನ್ನು ತಿದ್ದಿದ ದಿನ, ದೂರು ಹೇಳಬೇಕಾದ ವಿಳಾಸ. ಜಿಲ್ಲಾ ಆಸ್ಪತ್ರೆಯ ಬಾಗಿಲಿನಲ್ಲಿಯೂ ಅಂಥದೇ ಒಂದು ಫಲಕ.

ಆಗಲೂ ಮಗ ಮೆಟ್ಟಿಲ ಬಳಿ ಒಂದು ಕ್ಷಣ ನಿಲ್ಲುತ್ತಾನೆ. ಪಕ್ಕದ ಅಂಗಡಿಯವನನ್ನು ಕೇಳಿಯೇ ಕೇಳುತ್ತಾನೆ. ಕೇಳಲಿ, ನೆರೆಯವರ ಮಾತಿಗೆ ಅದರದೇ ಆದ ಬೆಲೆಯುಂಟು. ಆದರೆ ಅಂಗಡಿಯವನು ಆಗ ಕೈಗುಣವನ್ನು ಹೊಗಳಿ ಸುಮ್ಮನಾಗದೆ, ಬಾಗಿಲಿನತ್ತ ಕೈತೋರಿ, “ಅಲ್ಲಿ ಬರ್ದವ್ರೆ, ಓದ್ಕಳಿ” ಎನ್ನುವಂತಾಗಬೇಕು.